ವಿಜಯನಾಮ ಸಂವತ್ಸರದ ಒಂದು ತಿಂಗಳು

ಶಾಲೆಯಲ್ಲಿ ಚರಿತ್ರೆಯ ಪಾಠವನ್ನು ಹೇಳುವಾಗ ನಾವು ಉಪಾಧ್ಯಾಯರು ನೂರು ವರ್ಷಗಳನ್ನು ಒಂದು ಗಂಟೆಯೊಳಗೆ ದಾಟಿಬಿಡುತ್ತೇವೆ. ಹಕ್ಕ ಬುಕ್ಕರಿಂದ ಮೊದಲುಗೊಂಡು ತಾಳೀಕೋಟೆಯವರೆಗೆ ಬರಲು ನಮಗೆ ಎರಡು ದಿನ ಸಾಕು. ಹೀಗಿರಲಾಗಿ, ಒಂದೇ ಒಂದು ತಿಂಗಳನ್ನು ಹಿಡಿದುಕೊಂಡು ಅದರ ಸುದ್ದಿಗಳೇನು, ಆಗ ಜನರು ಯಾವ ಹಾಡು ಕೇಳುತ್ತಿದ್ದರು, ಯಾವ ಆಟ ನೋಡುತ್ತಿದ್ದರು, ಮನೆಯಲ್ಲಿ ಯಾವ ಮಾತು ನಡೆಯುತ್ತಿತ್ತು ಎಂದು ನಿಧಾನವಾಗಿ ವಿಚಾರಿಸಿದರೆ ಹೇಗೆ ಎಂಬ ಆಲೋಚನೆ ನಮಗೆ ಬಂದುದು ಒಂದು ಹಳೆಯ ಲಕೋಟೆಯಿಂದ.

ನಮ್ಮ ತಾತನವರು ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆಯನ್ನು ತೆರೆದಾಗ ಹೊಲದ ಪಟ್ಟಾ, ಕಂದಾಯದ ರಸೀದಿ, ರೈಲಿನ ಎರಡು ಹಳೆಯ ಟಿಕೇಟು ಇವುಗಳ ನಡುವೆ ಆ ಲಕೋಟೆ ಇತ್ತು. ಸಿರುಗುಪ್ಪಕ್ಕೆ ಕೊಟ್ಟಿದ್ದ ತಾತನವರ ಅಕ್ಕ ಯಾರಿಂದಲೋ ಬರೆಸಿ ನಮ್ಮ ಮುತ್ತಾತನವರಿಗೆ ಕಳಿಸಿದ ಪತ್ರ. ಲಕೋಟೆಯ ಮೇಲೆ ಎರಡಾಣೆಯ ಅಂಚೆ ಚೀಟಿ. ಚೀಟಿಯಲ್ಲಿ ಎವರೆಸ್ಟ್ ಶಿಖರದ ಚಿತ್ರ. ವಿಳಾಸದಲ್ಲಿ ಮೊದಲು ‘ಕೋಸಗಿ, ಆದೋನಿ ತಾಲ್ಲೂಕು, ಬಳ್ಳಾರಿ ಜಿಲ್ಲೆ’ ಎಂದು ಬರೆದು, ‘ಬಳ್ಳಾರಿ ಜಿಲ್ಲೆ’ ಎಂಬುದನ್ನು ಅದೇ ಮಸಿಯಲ್ಲಿ ಹೊಡೆದುಹಾಕಿ, ಕೆಳಗೆ ‘ಕರ್ನೂಲು ಜಿಲ್ಲೆ, ಆಂಧ್ರ’ ಎಂದು ತಿದ್ದಿದ್ದರು. ತಿದ್ದಿದ ಕೈ ಅಷ್ಟು ಪಳಗಿದುದಲ್ಲ. ‘ಕರ್ನೂಲು’ ಎಂಬಲ್ಲಿ ಒಂದು ಕೊಂಬು ಹೆಚ್ಚಾಗಿತ್ತು. ಭಾರತ ಸರಕಾರವು ತೇನ್ಸಿಂಗ್ ಮತ್ತು ಹಿಲರಿಯವರು ೧೯೫೩ರ ಮೇ ೨೯ರಂದು ಎವರೆಸ್ಟನ್ನು ಏರಿದುದರ ನೆನಪಿಗಾಗಿ ಆ ಚೀಟಿಯನ್ನು ಹೊರಡಿಸಿದ್ದು ೧೯೫೩ನೆಯ ಇಸವಿ ಅಕ್ಟೋಬರ್ ೨ರಂದು, ಗಾಂಧಿ ಜಯಂತಿಯ ದಿನ. ನಮ್ಮ ಊರು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದ್ದು ಅದರ ಹಿಂದಿನ ದಿನ. ಆದುದರಿಂದ ಆ ಒಂದು ತಿಂಗಳನ್ನೇ, ವಿಜಯನಾಮ ಸಂವತ್ಸರದ ೧೯೫೩ರ ಅಕ್ಟೋಬರನ್ನೇ, ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಮೊದಲು ದೊಡ್ಡ ಸುದ್ದಿ. ಅಕ್ಟೋಬರ್ ೧, ಗುರುವಾರ. ಅಂದು ಕರ್ನೂಲಿನಲ್ಲಿ ಪ್ರಧಾನಮಂತ್ರಿ ನೆಹರೂರವರು ಆಂಧ್ರ ರಾಜ್ಯದ ಉದ್ಘಾಟನೆ ಮಾಡಿದರು. ಸಿ. ಎಂ. ತ್ರಿವೇದಿಯವರು ರಾಜ್ಯಪಾಲರಾದರು, ಟಂಗುಟೂರಿ ಪ್ರಕಾಶಂ ಪಂತುಲುರವರು ಮುಖ್ಯಮಂತ್ರಿಗಳಾದರು, ನೀಲಂ ಸಂಜೀವರೆಡ್ಡಿಯವರು ಉಪಮುಖ್ಯಮಂತ್ರಿಗಳು. ಮದರಾಸು ರಾಜ್ಯದಿಂದ ಹನ್ನೊಂದು ಜಿಲ್ಲೆಗಳು ಹೊಸ ರಾಜ್ಯಕ್ಕೆ ಬಂದುವು. ಅವುಗಳ ಜೊತೆಗೆ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಎಂಬ ಮೂರು ತಾಲ್ಲೂಕುಗಳು. ಕರ್ನೂಲು ಆ ಕಾಲಕ್ಕೆ ರಾಜಧಾನಿಗೆ ತಕ್ಕ ಕಟ್ಟಡಗಳಿದ್ದ ಊರಲ್ಲ. ಕಛೇರಿಗಳೆಷ್ಟೋ ಡೇರೆಗಳಲ್ಲಿ ನಡೆದುವು. ಕಲೆಕ್ಟರರ ಊರೊಂದು ರಾತ್ರಿ ಬೆಳಗಾಗುವುದರೊಳಗೆ ರಾಜಧಾನಿಯಾಗಿ, ಮೂರು ವರ್ಷಗಳ ನಂತರ ೧೯೫೬ರ ನವೆಂಬರ್ ೧ರಂದು ಹೈದರಾಬಾದಿಗೆ ಆ ಪದವಿಯನ್ನು ಬಿಟ್ಟುಕೊಟ್ಟು ಮತ್ತೆ ಕಲೆಕ್ಟರರ ಊರೇ ಆಯಿತು.

ಅದೇ ದಿನ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂಬ ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಅಲ್ಲಿ ಆಗ ಜಯಚಾಮರಾಜೇಂದ್ರ ಒಡೆಯರು ರಾಜಪ್ರಮುಖರು, ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳು. ಬೆಂಗಳೂರಿನಲ್ಲಿ ವಿಧಾನಸೌಧದ ಕಲ್ಲುಗಳು ಒಂದರ ಮೇಲೊಂದು ಏರುತ್ತಿದ್ದುವು. ಕನ್ನಡ ಮಾತನಾಡುವ ಜನರು ಅಂದು ಹಂಚಿಹೋಗಿದ್ದ ಬಗೆಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದು ಕಷ್ಟ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಮುಂಬಯಿಯಲ್ಲಿ. ರಾಯಚೂರು, ಗುಲ್ಬರ್ಗ, ಬೀದರುಗಳು ಹೈದರಾಬಾದಿನಲ್ಲಿ. ಮಂಗಳೂರಿನ ಕಡೆಯ ಜಿಲ್ಲೆ ಮದರಾಸಿನಲ್ಲಿ. ಕೊಡಗು ತಾನೇ ಒಂದು ಪುಟ್ಟ ರಾಜ್ಯ. ಇವುಗಳಲ್ಲಿ ಮೊಟ್ಟಮೊದಲು ಮೈಸೂರಿಗೆ ಬಂದು ಕೂಡಿದ ಭಾಗವೆಂದರೆ ಬಳ್ಳಾರಿಯ ಈ ಏಳು ತಾಲ್ಲೂಕುಗಳೇ. ಅಷ್ಟರಮಟ್ಟಿಗೆ ಆ ಗುರುವಾರ ಕರ್ನಾಟಕದ ಏಕೀಕರಣದ ಮೊದಲ ದಿನ. ನಮ್ಮ ಮೂರು ತಾಲ್ಲೂಕುಗಳಿಗೆ ಮಾತ್ರ ಅದು ಬೇರೆ ದಿನ.

ಆ ಸಂತೋಷದ ಹಿಂದಿನ ರಾತ್ರಿ ಬಳ್ಳಾರಿಯಲ್ಲಿ ಒಂದು ಪ್ರಾಣ ಹೋಗುವಂಥ ದುಷ್ಕೃತ್ಯವಾಯಿತು. ವಿಲೀನದ ಸಮಾರಂಭಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬರ ಮೇಲೆ ಆಸಿಡ್ ಬಲ್ಬ್ ಎಸೆದರು, ಅವರು ಬದುಕಲಿಲ್ಲ. ಕನ್ನಡನಾಡಿನ ಏಕೀಕರಣಕ್ಕಾಗಿ ಜೀವ ತೆತ್ತವರಲ್ಲಿ ಅವರ ಹೆಸರಿದೆ. ಇತ್ತ ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲುರವರು ಮದರಾಸಿನಲ್ಲಿ ೧೯೫೨ರ ಅಕ್ಟೋಬರ್ ೧೯ರಿಂದ ಐವತ್ತೆಂಟು ದಿನ ಉಪವಾಸವಿದ್ದು ಡಿಸೆಂಬರ್ ೧೫ರ ರಾತ್ರಿ ದೇಹ ಬಿಟ್ಟಿದ್ದರು. ಧಾರವಾಡದ ಸೀಮೆಯ ಅದರಗುಂಚಿಯಲ್ಲಿ ೧೯೫೩ರಲ್ಲಿಯೇ ಶಂಕರಗೌಡ ಪಾಟೀಲರು ಕರ್ನಾಟಕಕ್ಕಾಗಿ ಉಪವಾಸ ಹಿಡಿದಿದ್ದರು. ಗಡಿಯ ಶಾಲೆಯಲ್ಲಿ ಪಾಠ ಹೇಳುವ ನಾವು ಶ್ರೀರಾಮುಲುರವರ ಪಾಠವನ್ನು ತೆಲುಗು ತರಗತಿಗೆ, ರಂಜಾನ್ ಸಾಬರ ಮಾತನ್ನು ಕನ್ನಡ ತರಗತಿಗೆ ಎಂದು ಭಾಗಮಾಡಿ ಹೇಳುವುದುಂಟು. ಇದು ಸರಿಯಲ್ಲವೆಂದು ನಮಗೆ ತೋರುತ್ತದೆ. ಒಂದೇ ಗಡಿಯ ಎರಡು ಕಡೆಗೆ ಸುರಿದ ಎಣ್ಣೆ ಅದು. ನಮ್ಮ ಮಕ್ಕಳು ಎರಡನ್ನೂ ಕೇಳಬೇಕು.

ಇನ್ನು, ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದುದು ಹೇಗೆ ಎಂಬ ಪ್ರಶ್ನೆ. ಅದು ಅಕ್ಟೋಬರಿನಲ್ಲಿ ನಿರ್ಣಯವಾದ ವಿಷಯವಲ್ಲ. ನಿಜಾಮನು ಬಿಟ್ಟುಕೊಟ್ಟ ಸೀಮೆಯಾಗಿ ೧೮೦೦ರಲ್ಲಿ ಕಂಪನಿ ಸರಕಾರದ ಕೈಗೆ ಬಂದ ಈ ನಾಡು, ಥಾಮಸ್ ಮನ್ರೋ ಎಂಬ ಕಲೆಕ್ಟರನ ಕಾಲದಿಂದ ಮದರಾಸಿಗೆ ಅಂಟಿಕೊಂಡಿತ್ತು. ಭಾಷೆಯನ್ನು ನೋಡಿ ಗಡಿ ಹಾಕುವ ಕಲ್ಪನೆ ಆಗ ಯಾರಿಗೂ ಇರಲಿಲ್ಲ. ೧೯೨೦ರ ನಾಗಪುರದ ಅಧಿವೇಶನದ ತರುವಾಯ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಗಳಿಗೆ ಅನುಗುಣವಾಗಿ ರಚಿಸಿಕೊಂಡಾಗ, ಬಳ್ಳಾರಿ ಜಿಲ್ಲೆ ಯಾರಿಗೆ ಎಂಬ ವಿವಾದವನ್ನು ಎನ್. ಸಿ. ಕೇಳಕರರು ಬಗೆಹರಿಸಿದರು. ಆದೋನಿ, ಆಲೂರು, ರಾಯದುರ್ಗ ಆಂಧ್ರ ಸಮಿತಿಗೆ. ಉಳಿದುದು ಕರ್ನಾಟಕ ಸಮಿತಿಗೆ. ಅಂದರೆ ಪಕ್ಷದ ಕಾಗದದ ಮೇಲೆ ಎಳೆದ ಗೆರೆ ಮೂವತ್ತು ವರ್ಷಗಳ ಮೇಲೆ ನೆಲದ ಮೇಲಿನ ಗೆರೆಯಾಯಿತು. ರಾಜಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ವಾಂಚೂರವರು ೧೯೫೩ರ ಫೆಬ್ರುವರಿಯಲ್ಲಿ ವರದಿ ಕೊಟ್ಟರು. ಮಾರ್ಚ್ ೨೫ರಂದು ನೆಹರೂರವರು ಪಾರ್ಲಿಮೆಂಟಿನಲ್ಲಿ ಮೂರು ತಾಲ್ಲೂಕುಗಳು ಆಂಧ್ರಕ್ಕೆ, ಆರು ಮೈಸೂರಿಗೆ, ಬಳ್ಳಾರಿ ತಾಲ್ಲೂಕಿನ ಮಾತನ್ನು ಮಾತ್ರ ಪ್ರತ್ಯೇಕವಾಗಿ ವಿಚಾರಿಸುವುದೆಂದು ಸಾರಿದರು. ಆ ವಿಚಾರಣೆಯನ್ನು ಹೈದರಾಬಾದಿನ ಮುಖ್ಯ ನ್ಯಾಯಾಧೀಶ ಎಲ್. ಎಸ್. ಮಿಶ್ರಾರವರು ನಡೆಸಿ ಬಳ್ಳಾರಿ ಮೈಸೂರಿಗೇ ಸಲ್ಲಬೇಕೆಂದರು. ಆದೋನಿಗೆ ಅಂಥ ಪ್ರತ್ಯೇಕ ವಿಚಾರಣೆ ನಡೆಯಲಿಲ್ಲ.

ನಡೆದಿದ್ದರೆ ಏನಾಗುತ್ತಿತ್ತು ಎಂಬ ತರ್ಕಕ್ಕೆ ನಾವು ಹೋಗುವುದಿಲ್ಲ. ಆದೋನಿ ಪೇಟೆಯಲ್ಲಿ ಹತ್ತಿಯ ವ್ಯಾಪಾರಕ್ಕೆ ನಿಂತವನು ಒಂದು ವಾಕ್ಯವನ್ನು ತೆಲುಗಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸಿ, ನಡುವೆ ಉರ್ದುವಿನ ನಾಲ್ಕು ಮಾತುಗಳನ್ನು ಸೇರಿಸುತ್ತಾನೆ. ಅವನ ನಾಲಗೆಯ ಮೇಲೆ ಗೆರೆ ಎಳೆಯಲು ಯಾವ ನ್ಯಾಯಾಧೀಶರಿಗೂ ಸಾಧ್ಯವಿಲ್ಲ.

ಕೋಸಗಿಯ ಮಟ್ಟಿಗೆ ಆ ತಿಂಗಳಿನ ಪರಿಸ್ಥಿತಿ ವಿಚಿತ್ರವಾಗಿತ್ತು. ಉತ್ತರಕ್ಕೆ ತುಂಗಭದ್ರೆಯನ್ನು ದಾಟಿದರೆ ರಾಯಚೂರು, ಅದು ಹೈದರಾಬಾದ್ ರಾಜ್ಯ. ಪಶ್ಚಿಮಕ್ಕೆ ಹಗರಿಯನ್ನು ದಾಟಿದರೆ ಸಿರುಗುಪ್ಪ, ಅದು ಮೈಸೂರು ರಾಜ್ಯ. ನಡುವೆ ನಾವು, ಆಂಧ್ರ ರಾಜ್ಯ. ನಿನ್ನೆಯವರೆಗೆ ಮದರಾಸು. ಬೆಳಿಗ್ಗೆ ಎದ್ದು ಮೂರು ರಾಜ್ಯಗಳಲ್ಲಿ ಸಂತೆ ಮಾಡಿ ಮರುದಿನ ರಾತ್ರಿಗೆ ಮನೆಗೆ ಬರಬಹುದಾದ ಊರು! ಮೂರರಲ್ಲಿಯೂ ಕನ್ನಡದಲ್ಲಿಯೇ ಚೌಕಾಸಿ ಮಾಡಬಹುದಾಗಿತ್ತು ಎಂಬುದೂ ನಿಜ. ರಾಯರ ಮಂತ್ರಾಲಯವೂ ಅಂದೇ ಆಂಧ್ರಕ್ಕೆ ಸೇರಿತು. ಮೈಸೂರು, ಧಾರವಾಡಗಳ ಕಡೆಯ ಯಾತ್ರಿಕರು ಹಿಂದಿನಂತೆಯೇ ರೈಲಿನಲ್ಲಿ ಬಂದು ಇಳಿದರು. ಮಠದ ಅನ್ನಕ್ಕೆ ರಾಜ್ಯದ ಲೆಕ್ಕವಿಲ್ಲ.

ಊರಿನ ಹಿರಿಯರಿಗೆ ಆ ದಿನದ ಬಗೆಗೆ ಇದ್ದ ಆಕ್ಷೇಪಣೆ ಮಾತ್ರ ರಾಜಕೀಯದ್ದಲ್ಲ. ಅಕ್ಟೋಬರ್ ೧ ಭಾದ್ರಪದ ಬಹುಳದಲ್ಲಿ, ಪಿತೃಪಕ್ಷದ ನಡುವೆ ಬಿದ್ದಿತ್ತು. ಪಕ್ಷಮಾಸದಲ್ಲಿ ಹೊಸ ಬಾಗಿಲನ್ನೇ ಇಡದವರು, ಹೊಸ ರಾಜ್ಯವನ್ನು ಇಟ್ಟಾರೆಯೆ ಎಂದು ನಮ್ಮ ಮುತ್ತಾತನವರು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರಂತೆ. ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿ ಆರಂಭವಾದ ಮೇಲೆ ಮಾಡಿದ್ದರೆ ಸರಕಾರಕ್ಕೆ ಏನು ನಷ್ಟವಾಗುತ್ತಿತ್ತು ಎಂಬುದು ಅವರ ವಾದ. ಹೊಸ ರಾಜ್ಯವು ಮೂರೇ ವರ್ಷಗಳಲ್ಲಿ ಹೆಸರು, ರಾಜಧಾನಿ ಎರಡನ್ನೂ ಬದಲಾಯಿಸಿಕೊಂಡಾಗ ತಮ್ಮ ಮಾತೇ ಸತ್ಯವಾಯಿತೆಂದು ಅವರು ಕೊನೆಯವರೆಗೂ ನಂಬಿದ್ದರು.

ತಾತನವರಿಗೆ ಆಗ ಹದಿನೆಂಟು ವರ್ಷ. ಆ ತಿಂಗಳಿನಲ್ಲಿ ನೀವು ಏನು ನೋಡಿದಿರಿ ಎಂದು ನಾವು ಚಿಕ್ಕವರಿದ್ದಾಗ ಕೇಳಿದರೆ ಅವರು ನೆಹರೂರವರ ಹೆಸರನ್ನಾಗಲಿ ಪ್ರಕಾಶಂ ಪಂತುಲುರವರ ಹೆಸರನ್ನಾಗಲಿ ಹೇಳುತ್ತಿರಲಿಲ್ಲ. ‘ದೇವದಾಸು’ ನೋಡಿದೆ ಎನ್ನುತ್ತಿದ್ದರು. ಜೂನ್ ೨೬ರಂದು ಬಿಡುಗಡೆಯಾಗಿದ್ದ ಆ ತೆಲುಗು ಚಿತ್ರವನ್ನು ನೋಡಲು ಅವರು ಗೆಳೆಯರೊಡನೆ ರೈಲಿನಲ್ಲಿ ಆದೋನಿಗೆ ಹೋಗಿದ್ದರು. ಪೆಟ್ಟಿಗೆಯಲ್ಲಿದ್ದ ಎರಡು ಟಿಕೇಟುಗಳಲ್ಲಿ ಒಂದು ಆ ಪ್ರಯಾಣದ್ದೇ ಇರಬೇಕೆಂದು ನಮ್ಮ ಊಹೆ. ಅಕ್ಕಿನೇನಿ ನಾಗೇಶ್ವರರಾಯರು, ಸಾವಿತ್ರಿ, ಘಂಟಸಾಲರ ಕಂಠ, ಇವುಗಳನ್ನು ವರ್ಣಿಸುವಾಗ ಎಪ್ಪತ್ತು ದಾಟಿದ ಮೇಲೂ ಅವರ ದನಿ ಬೇರೆಯಾಗುತ್ತಿತ್ತು. ಆ ಚಿತ್ರಕ್ಕೆ ರಾಗ ಕೂಡಿಸಿದ ಸಿ. ಆರ್. ಸುಬ್ಬರಾಮನ್‌ರವರು ಚಿತ್ರ ತೆರೆಗೆ ಬರುವ ಮುನ್ನವೇ, ೧೯೫೨ರಲ್ಲಿ, ತೀರಿಕೊಂಡಿದ್ದರು. ರಾಜ್ಯವೊಂದು ಹುಟ್ಟಿದ ದಿನವನ್ನು ಬಿಟ್ಟು ಚಿತ್ರವೊಂದನ್ನು ನೆನಪಿಟ್ಟುಕೊಂಡ ತಾತನವರನ್ನು ಕುರಿತು ನಾವು ಒಂದು ಕಾಲಕ್ಕೆ ನಗುತ್ತಿದ್ದೆವು. ಈಗ ಹಾಗೆ ನಗಲಾರೆವು. ಹದಿನೆಂಟರ ಹುಡುಗನ ಅಕ್ಟೋಬರ್ ಬೇರೆ, ವೃತ್ತಪತ್ರಿಕೆಯ ಅಕ್ಟೋಬರ್ ಬೇರೆ. ಚರಿತ್ರೆಗೆ ಎರಡೂ ಬೇಕಾಗುತ್ತವೆ.

ಕನ್ನಡದಲ್ಲಿ ಆಗ ಚಲಚ್ಚಿತ್ರಗಳು ಬೆರಳೆಣಿಕೆಯಷ್ಟು. ಎಚ್. ಎಲ್. ಎನ್. ಸಿಂಹರವರು ನಿರ್ದೇಶಿಸಿದ, ಹೊನ್ನಪ್ಪ ಭಾಗವತರ್ ಮತ್ತು ಪಂಡರೀಬಾಯಿಯವರು ಅಭಿನಯಿಸಿದ ‘ಗುಣಸಾಗರಿ’ ಆ ವರ್ಷದ್ದು. ಅದೇ ಸಿಂಹರವರ ‘ಬೇಡರ ಕಣ್ಣಪ್ಪ’ ಬಂದುದು ೧೯೫೪ರಲ್ಲಿ. ಆದುದರಿಂದ ನಾವು ಹೇಳುತ್ತಿರುವ ತಿಂಗಳಿನಲ್ಲಿ ರಾಜಕುಮಾರ್ ಎಂಬ ನಾಯಕನಟನನ್ನು ಕನ್ನಡ ಜನರು ಇನ್ನೂ ಕಂಡಿರಲಿಲ್ಲ. ಮುತ್ತುರಾಜ ಎಂಬ ನಾಟಕ ಕಂಪನಿಯ ತರುಣನೊಬ್ಬ ಇದ್ದ, ಅಷ್ಟೆ. ತೆಲುಗಿನಲ್ಲಿ ಕೃಷ್ಣದೇವರಾಯನ ಕಾಲವನ್ನು ತೋರಿಸಿದ ‘ಮಲ್ಲೀಶ್ವರಿ’, ಮಾಂತ್ರಿಕನ ಕಥೆಯ ‘ಪಾತಾಳಭೈರವಿ’ ೧೯೫೧ರಲ್ಲಿಯೇ ಬಂದು ನಮ್ಮ ಸೀಮೆಯ ಹಳ್ಳಿಗಳಲ್ಲಿ ಮನೆಮಾತಾಗಿದ್ದುವು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವಾಡಿ ಟಾಕೀಸಿನಲ್ಲಿ ತೆಲುಗು ಕಲಿತರೆಂದರೆ ಸುಳ್ಳಾಗದು. ಇದನ್ನು ನಷ್ಟವೆಂದು ಬರೆಯುವವರಿದ್ದಾರೆ. ಆ ಕಲಿಕೆ ಬಲವಂತದ್ದಲ್ಲವಾದುದರಿಂದ ನಮಗೆ ಹಾಗೆ ಅನಿಸುವುದಿಲ್ಲ.

ಹಾಡುಗಳ ಮಾತು ಬಂದಾಗ ಬಾನುಲಿಯನ್ನು ನೆನೆಯಬೇಕು. ಅಂದಿನ ಕೇಂದ್ರ ಮಂತ್ರಿ ಬಿ. ವಿ. ಕೇಸಕರರಿಗೆ ಸಿನಿಮಾ ಹಾಡುಗಳೆಂದರೆ ಆಗದು. ಶಾಸ್ತ್ರೀಯ ಸಂಗೀತದಿಂದ ಜನರ ಅಭಿರುಚಿ ಸುಧಾರಿಸಬೇಕೆಂಬ ಸದುದ್ದೇಶದಿಂದ ಅವರು ೧೯೫೨ರಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ಹೊರಕ್ಕೆ ಕಳಿಸಿದ್ದರು. ಜನರು ಸುಧಾರಿಸಲಿಲ್ಲ, ಸಿಲೋನಿಗೆ ಹೋದರು! ೧೯೫೨ರ ಡಿಸೆಂಬರಿನಿಂದ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಹರಿದು ಬರತೊಡಗಿತು. ರೇಡಿಯೋ ಇದ್ದ ಮನೆ ನಮ್ಮ ಕಡೆ ಅಪರೂಪ. ಬುಧವಾರದ ರಾತ್ರಿ ಅಂಥ ಮನೆಯ ಕಿಟಕಿಯ ಹೊರಗೆ ನಿಂತು ಹಾಡು ಕೇಳಿದುದನ್ನು ಊರಿನ ಹಿರಿಯರು ಈಗಲೂ ಹೇಳುತ್ತಾರೆ. ಅದು ಆ ವರ್ಷವೋ ಮುಂದಿನ ವರ್ಷವೋ ಅವರಿಗೆ ನೆನಪಿಲ್ಲ. ಧಾರವಾಡದ ಕೇಂದ್ರ ೧೯೫೦ರಿಂದ ಕನ್ನಡವನ್ನು ಬಿತ್ತರಿಸುತ್ತಿತ್ತು. ಮದರಾಸು, ವಿಜಯವಾಡಗಳಿಂದ ತೆಲುಗು ಬರುತ್ತಿತ್ತು. ಸರಕಾರವು ಮನಸ್ಸು ಬದಲಿಸಿ ‘ವಿವಿಧ ಭಾರತಿ’ಯನ್ನು ಆರಂಭಿಸಿದ್ದು ೧೯೫೭ರ ಅಕ್ಟೋಬರಿನಲ್ಲಿ.

ಮಕ್ಕಳ ಪಾಲಿಗೆ ‘ಚಂದಮಾಮ’. ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು ೧೯೪೭ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ೧೯೪೯ರಿಂದ ಕನ್ನಡದಲ್ಲಿಯೂ ಬರುತ್ತಿತ್ತು. ಎರಡು ಭಾಷೆಗಳ ಚಂದಮಾಮವನ್ನೂ ಪಕ್ಕಪಕ್ಕದಲ್ಲಿಟ್ಟು, ಚಿತ್ರ ಒಂದೇ, ಅಕ್ಷರ ಮಾತ್ರ ಬೇರೆ ಎಂದು ಹುಡುಗರು ಹೋಲಿಸಿ ನೋಡುತ್ತಿದ್ದರಂತೆ. ಭಾಷಾ ಬೋಧನೆಯ ತರಬೇತಿಯಲ್ಲಿ ನಮಗೆ ಎರಡು ವರ್ಷ ಹೇಳಿಕೊಟ್ಟ ಪದ್ಧತಿಗಳಲ್ಲಿ ಇಷ್ಟು ಸುಲಭವಾದುದು ಒಂದೂ ಇರಲಿಲ್ಲ.

ಹೊರಗಿನ ಲೋಕದ ಸುದ್ದಿ ಮದರಾಸಿನಿಂದ ರೈಲಿನಲ್ಲಿ ಬರುವ ಪತ್ರಿಕೆಗಳ ಮೂಲಕ ಒಂದು ದಿನ ತಡವಾಗಿ ಬರುತ್ತಿತ್ತು. ಕೊರಿಯಾದಲ್ಲಿ ಜುಲೈ ೨೭ರಂದು ಯುದ್ಧ ನಿಂತಿತ್ತು. ತಮ್ಮ ದೇಶಕ್ಕೆ ಮರಳಲು ಒಪ್ಪದ ೨೨ ಸಾವಿರಕ್ಕೂ ಹೆಚ್ಚು ಸೆರೆಯಾಳುಗಳನ್ನು ಭಾರತದ ಸೈನಿಕರ ವಶಕ್ಕೆ ಕೊಡಲಾಗಿತ್ತು. ಅವರ ಭವಿಷ್ಯವನ್ನು ವಿಚಾರಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಪ್ರತಿಯೊಬ್ಬ ಸೆರೆಯಾಳಿಗೂ ಅವನ ದೇಶದವರು ಬಂದು, ಊರಿಗೆ ಮರಳೆಂದು ತಿಳಿಯಹೇಳುವ ಕೆಲಸ ಅಕ್ಟೋಬರ್ ೧೫ರಂದು ಮೊದಲಾಯಿತು. ಎಲ್ಲಿಗೆ ಸೇರಬೇಕೆಂದು ಒಬ್ಬೊಬ್ಬ ಮನುಷ್ಯನನ್ನೂ ಪ್ರತ್ಯೇಕವಾಗಿ ಕೇಳಿದ ಆ ಪದ್ಧತಿಯನ್ನು ಓದುವಾಗ ನಮ್ಮ ಮೂರು ತಾಲ್ಲೂಕುಗಳ ನೆನಪು ಬಾರದಿರಲಿಲ್ಲ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ನಮ್ಮ ಸುತ್ತ ಮುಳ್ಳುತಂತಿ ಇರಲಿಲ್ಲ. ಅದೇ ೧೫ರಂದು ಚರ್ಚಿಲ್‌ರವರಿಗೆ ನೊಬೆಲ್ ಬಹುಮಾನ ಸಾರಿದರು. ಶಾಂತಿಗಾಗಿ ಅಲ್ಲ, ಸಾಹಿತ್ಯಕ್ಕೆ. ವಿಶ್ವಸಂಸ್ಥೆಯ ಮಹಾಸಭೆಗೆ ವಿಜಯಲಕ್ಷ್ಮಿ ಪಂಡಿತರು ಸೆಪ್ಟೆಂಬರಿನಲ್ಲಿಯೇ ಅಧ್ಯಕ್ಷೆಯಾಗಿದ್ದರು.

ಉಪಾಧ್ಯಾಯ ಬಂಧುಗಳಿಗೆ ಇದಕ್ಕಿಂತ ಹತ್ತಿರದ ಒಂದು ಸಂಗತಿಯಿದೆ. ೧೯೫೩ರ ಜೂನಿನಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿಯವರು ಗ್ರಾಮಾಂತರದ ಪ್ರಾಥಮಿಕ ಶಾಲೆಗಳಲ್ಲಿ ಹೊಸ ಯೋಜನೆಯೊಂದನ್ನು ಜಾರಿಗೆ ತಂದಿದ್ದರು. ಮಗುವಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆ. ಉಳಿದ ಹೊತ್ತು ಮನೆಯ ಕಸುಬನ್ನು ಕಲಿಯತಕ್ಕದ್ದು. ಶಾಲೆಗಳು ಕಡಿಮೆ, ಮಕ್ಕಳು ಹೆಚ್ಚು. ಒಂದೇ ಕೋಣೆಯಲ್ಲಿ ಬೆಳಿಗ್ಗೆ ಒಂದು ತಂಡಕ್ಕೆ, ಮಧ್ಯಾಹ್ನ ಇನ್ನೊಂದು ತಂಡಕ್ಕೆ ಪಾಠ ಹೇಳಬಹುದೆಂಬುದು ಲೆಕ್ಕ. ಚಮ್ಮಾರನ ಮಗ ಚಮ್ಮಾರನಾಗಿಯೇ, ಕೂಲಿಯವನ ಮಗ ಕೂಲಿಯವನಾಗಿಯೇ ಉಳಿಯಬೇಕೆ ಎಂದು ದೊಡ್ಡ ವಿರೋಧವೆದ್ದಿತು. ೧೯೫೪ರಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾದ ಮೇಲೆ ಮದರಾಸಿನಲ್ಲಿ ಅದನ್ನು ರದ್ದುಗೊಳಿಸಿದರು. ಆದೋನಿ ತಾಲ್ಲೂಕು ಸೆಪ್ಟೆಂಬರ್ ೩೦ರವರೆಗೆ ಮದರಾಸು ರಾಜ್ಯದ್ದೇ ಆಗಿದ್ದುದರಿಂದ, ರಾಜ್ಯ ಬದಲಾಗುವ ಗಲಿಬಿಲಿಯೂ ಅರ್ಧ ದಿನದ ಶಾಲೆಯ ಗಲಿಬಿಲಿಯೂ ಅದೇ ವರ್ಷ ಒಟ್ಟಿಗೆ ಬಂದು ಬಿದ್ದುವು. ಯೋಜನೆಯನ್ನು ರೂಪಿಸಿದವರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಹತ್ತಿ ಬಿಡಿಸುವ ಕಾಲದಲ್ಲಿ ಹಾಜರಿ ಪುಸ್ತಕವನ್ನು ತುಂಬುವ ಯಾವ ಉಪಾಧ್ಯಾಯನಾದರೂ ಹೇಳಬಲ್ಲನು: ಹೊಲಕ್ಕೆ ಕಳಿಸಲು ನಮ್ಮ ತಂದೆತಾಯಂದಿರಿಗೆ ಸರಕಾರದ ಯೋಜನೆ ಬೇಕಾಗಿಲ್ಲ.

ಮಗುವಿಗೆ ಮಾತೃಭಾಷೆಯಲ್ಲಿ ಪಾಠ ದೊರೆಯುವ ಹಕ್ಕಿನ ಮಾತೂ ಆ ಕಾಲದ್ದೇ. ಶಾಲೆಯಲ್ಲಿ ಒಟ್ಟು ನಲವತ್ತು ಮಕ್ಕಳು, ಇಲ್ಲವೆ ತರಗತಿಯೊಂದರಲ್ಲಿ ಹತ್ತು ಮಕ್ಕಳು ಇದ್ದರೆ ಅವರ ಭಾಷೆಯ ಉಪಾಧ್ಯಾಯರನ್ನು ಕೊಡಬೇಕೆಂದು ೧೯೪೯ರ ಆಗಸ್ಟಿನಲ್ಲಿ ಪ್ರಾಂತಗಳ ವಿದ್ಯಾಮಂತ್ರಿಗಳು ಒಪ್ಪಿದ್ದರು. ೧೯೫೬ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಿಂದ ೩೫೦-ಎ ಎಂಬ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಒದಗಿಸುವುದು ರಾಜ್ಯಗಳ ಪ್ರಯತ್ನವಾಗಬೇಕೆಂದಾಯಿತು. ನಮ್ಮ ಶಾಲೆಗಳು ನಿಂತಿರುವುದು ಈ ಎರಡು ಕಂಬಗಳ ಮೇಲೆ. ಹತ್ತು, ನಲವತ್ತು ಎಂಬ ಆ ಅಂಕಿಗಳನ್ನು ನಾವು ಮರೆಯಲಾರೆವು. ಪ್ರತಿ ಜೂನಿನಲ್ಲಿ ಹೊಸ ಮಕ್ಕಳ ಹೆಸರು ಬರೆಯುವಾಗ ನಮ್ಮ ಬೆರಳು ತಾನಾಗಿ ಎಣಿಸುತ್ತದೆ. ಒಂದು ವರ್ಷ ನಮ್ಮ ಮೂರನೆಯ ತರಗತಿಗೆ ಎಂಟೇ ಮಕ್ಕಳು. ಕೂಲಿಗಾಗಿ ಊರು ಬಿಟ್ಟು ಹೋಗಿದ್ದ ಎರಡು ಸಂಸಾರಗಳು ದಸರೆಯ ಹೊತ್ತಿಗೆ ಮರಳಿ ಬಂದು ಹತ್ತಾಯಿತು. ಆ ದಿನ ಹಾಜರಿ ಕರೆಯುವಾಗ ನಮಗಾದ ಸಮಾಧಾನವನ್ನು ಬೇರೆ ಸೀಮೆಯ ಉಪಾಧ್ಯಾಯರಿಗೆ ವಿವರಿಸುವುದು ಕಷ್ಟ.

ದಸರೆಯ ಮಾತಿಗೆ ಬಂದೆವು. ಆ ವರ್ಷ ವಿಜಯದಶಮಿ ಅಕ್ಟೋಬರಿನ ಮೂರನೆಯ ವಾರದಲ್ಲಿ ಬಂದಿತು. ಬಳ್ಳಾರಿಯವರಿಗೆ ಮೈಸೂರಿನ ದಸರೆ ಮೊದಲ ಬಾರಿಗೆ ತಮ್ಮ ರಾಜ್ಯದ ಹಬ್ಬವಾಯಿತು. ಇತ್ತ ಹೊಳಗುಂದದ ಕಡೆಯ ದೇವರಗಟ್ಟಿನಲ್ಲಿ, ಮಾಳಮಲ್ಲೇಶ್ವರನ ಬೆಟ್ಟದ ಕೆಳಗೆ, ಬಡಿಗೆ ಹಿಡಿದ ಸುತ್ತಲಿನ ಹಳ್ಳಿಗಳ ಜನರ ಬನ್ನಿ ಉತ್ಸವ ನಡೆಯುವುದೂ ಅದೇ ವಿಜಯದಶಮಿಯ ರಾತ್ರಿ. ಅಲ್ಲಿ ಸೇರುವವರು ಗಡಿಯ ಎರಡೂ ಕಡೆಯವರು. ಅವರು ಬಡಿದಾಡುವುದು ಉತ್ಸವಮೂರ್ತಿಗಾಗಿಯೇ ಹೊರತು ತಾಲ್ಲೂಕುಗಳಿಗಾಗಿ ಅಲ್ಲ.

ಲಕೋಟೆಯೊಳಗಿನ ಪತ್ರವನ್ನು ಇನ್ನೂ ಹೇಳಿಲ್ಲ. ತಾತನವರ ಅಕ್ಕ ಬರೆಸಿದ್ದುದು ಹಬ್ಬದ ಮಾತೇ. ಜೋಳದ ಪೈರು, ಎಮ್ಮೆ ಈದುದು, ಮಗುವಿಗೆ ಬಂದ ಜ್ವರ ಇವೆಲ್ಲ ಆದ ಮೇಲೆ ಒಂದು ಪ್ರಶ್ನೆ: ನಾವು ಈಗ ಮೈಸೂರಿನವರು, ನೀವು ಆಂಧ್ರದವರು ಆದಿರೆಂದು ಇಲ್ಲಿ ಹೇಳುತ್ತಿದ್ದಾರೆ, ಹಬ್ಬಕ್ಕೆ ನನ್ನನ್ನು ಕರೆಯಲು ಗಾಡಿ ಕಟ್ಟಿಕೊಂಡು ಬಂದರೆ ದಾರಿಯಲ್ಲಿ ತಡೆಯುತ್ತಾರೆಯೋ ಹೇಗೆ, ಚೀಟಿ ಬೇಕಾಗುವುದಾದರೆ ಯಾರನ್ನು ಕೇಳಬೇಕು, ವಿಚಾರಿಸಿ ತಿಳಿಸಬೇಕು ಎಂದು. ನಾಲ್ಕು ಊರುಗಳ ಆಚೆಗಿನ ತವರು ಪರರಾಜ್ಯವಾಗಿದೆಯೆಂದು ಕೇಳಿದ ಹೆಣ್ಣುಮಗಳ ಅಂಜಿಕೆ ಆ ಎರಡು ಸಾಲುಗಳಲ್ಲಿದೆ. ವಾಂಚೂರವರ ವರದಿಯಲ್ಲಿಯಾಗಲಿ ಮಿಶ್ರಾರವರ ವರದಿಯಲ್ಲಿಯಾಗಲಿ ಇಂಥವರನ್ನು ಕೇಳಿದ ಪ್ರಶ್ನೆಗೆ ಸ್ಥಳವಿರುವ ಸಂಭವ ಕಡಿಮೆ.

ಮುತ್ತಾತನವರು ಯಾರನ್ನೂ ವಿಚಾರಿಸಲಿಲ್ಲ. ಮಹಾನವಮಿಗೆ ಮೂರು ದಿನ ಮೊದಲು ಗಾಡಿ ಕಟ್ಟಿ ಕೌತಾಳಂ ದಾರಿ ಹಿಡಿದರು. ತಾತನವರೂ ಜೊತೆಗೆ ಹೋಗಿದ್ದರು. ಹಗರಿಯ ಮರಳಿನಲ್ಲಿ ಗಾಲಿ ಹೂತುದೇ ಅವರಿಗಾದ ಒಂದೇ ತಡೆ. ಆಚೆ ದಡದಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ ಇಬ್ಬರು ಬಂದು ಹೆಗಲು ಕೊಟ್ಟರು. ಅವರು ಮೈಸೂರಿನವರೋ ಆಂಧ್ರದವರೋ ಎಂದು ಕೇಳಲು ನೆನಪಾಗಲಿಲ್ಲವೆಂದು ತಾತನವರು ನಗುತ್ತ ಹೇಳುತ್ತಿದ್ದರು. ಅಕ್ಕ ಹಬ್ಬಕ್ಕೆ ಬಂದರು, ದೀಪಾವಳಿಯನ್ನೂ ಮುಗಿಸಿಕೊಂಡು ಹೋದರು.

ಆ ಅಂಜಿಕೆ ಪೂರ್ತಿಯಾಗಿ ಸುಳ್ಳಾಗಲೂ ಇಲ್ಲ. ಡಿಸೆಂಬರಿನಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ೧೯೫೫ರಲ್ಲಿ ಅದು ತುಂಗಭದ್ರಾ ಯೋಜನೆಯನ್ನು ಕಾರಣವಾಗಿ ಹೇಳಿ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆಗಳನ್ನೂ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಎರಡು ವರ್ಷದ ಹಿಂದೆ ಆಣೆಕಟ್ಟಿನಿಂದ ನೀರು ಬಿಟ್ಟಾಗ ಸಂತೋಷಪಟ್ಟ ಜನ, ಆ ನೀರೇ ತಮ್ಮ ರಾಜ್ಯವನ್ನು ಬದಲಿಸಬಹುದೆಂದು ತಿಳಿದು ಬೆಚ್ಚಿದರು. ಸರಕಾರವು ಶಿಫಾರಸನ್ನು ಒಪ್ಪಲಿಲ್ಲ. ೧೯೫೬ರ ನವೆಂಬರ್ ೧ರಂದು ರಾಯಚೂರೂ ಮೈಸೂರಿಗೆ ಸೇರಿ, ನಮ್ಮ ಉತ್ತರ ಪಶ್ಚಿಮಗಳೆರಡರಲ್ಲಿಯೂ ಒಂದೇ ಕನ್ನಡ ರಾಜ್ಯವಾಯಿತು. ಮುಂದೆ ೧೯೬೬ರಲ್ಲಿ ಗಡಿ ವಿವಾದಗಳಿಗಾಗಿ ನೇಮಿಸಿದ ಮಹಾಜನ ಆಯೋಗ ನೋಡಿದುದು ಮಹಾರಾಷ್ಟ್ರ, ಕೇರಳಗಳ ಕಡೆಯ ಗಡಿಗಳನ್ನು. ಆದೋನಿಯ ಗೆರೆ ೧೯೫೩ರ ಆ ಗುರುವಾರ ಬಿದ್ದಲ್ಲಿಯೇ ಉಳಿಯಿತು.

ಈ ಬರಹಕ್ಕಾಗಿ ನಾವು ಊರಿನ ಹಿರಿಯರೊಬ್ಬರನ್ನು ಶಾಲೆಗೆ ಕರೆದಿದ್ದೆವು. ೧೯೫೩ರಲ್ಲಿ ಅವರು ನಾಲ್ಕನೆಯ ತರಗತಿಯ ಹುಡುಗ. ಅಂದಿನ ಉಪಾಧ್ಯಾಯರು ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳನ್ನು ಮಗ್ಗಿಯಂತೆ ಒಂದೇ ಉಸಿರಿನಲ್ಲಿ ಒಪ್ಪಿಸುವಂತೆ ಮಾಡಿಸಿದ್ದರು. ದಸರೆಯ ರಜೆ ಮುಗಿದು ಶಾಲೆ ತೆರೆದಾಗ ಆ ಪಾಠವನ್ನು ಬಿಟ್ಟು ಮುಂದಿನದಕ್ಕೆ ಹೋದರಂತೆ. ಏಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಿರಿಯರು ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಕೋಲನ್ನು ನೆಲಕ್ಕೆ ಕುಟ್ಟುತ್ತ ಅದನ್ನು ನಮ್ಮ ಮಕ್ಕಳೆದುರು ಒಪ್ಪಿಸಿದರು: ಆದೋನಿ, ಆಲೂರು, ಬಳ್ಳಾರಿ, ಹಡಗಲಿ, ಹರಪನಹಳ್ಳಿ, ಹೊಸಪೇಟೆ, ಕೂಡ್ಲಿಗಿ, ರಾಯದುರ್ಗ, ಸಂಡೂರು, ಸಿರುಗುಪ್ಪ. ಎಲ್ಲಿಯೂ ತಡೆಯಲಿಲ್ಲ. ಮಕ್ಕಳು ಬೆರಳು ಮಡಿಸಿ ಎಣಿಸಿದರು, ಸರಿಯಾಗಿ ಹತ್ತು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ತಾತಾ, ಇನ್ನೊಂದ್ಸಲ ಹೇಳ್ರಿ, ಬರ್ಕೊಂತೀನಿ” ಎಂದಳು. ಹಿರಿಯರು ಈ ಸಲ ನಿಧಾನವಾಗಿ ಹೇಳತೊಡಗಿದರು.